ಕ್ಯಾಮ್‌ಶಾಫ್ಟ್ ಮೊದಲೋ, ಚಿಪ್ ಮೊದಲೋ?

ಪ್ರಶ್ನೆ: ಟರ್ಬೊ ಇಲ್ಲದ 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಕಾರೊಂದು ನನ್ನಲ್ಲಿದೆ. ದಿನವೂ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತೇನೆ. ಎಂಜಿನ್ನಿನ ಬಲ ಹೆಚ್ಚಿಸಲೆಂದು 264 ಡಿಗ್ರಿಯ ಒಂದು, 288 ಡಿಗ್ರಿಯ ಒಂದು ಕ್ಯಾಮ್‌ಶಾಫ್ಟ್ ನೋಡಿಟ್ಟಿದ್ದೇನೆ. ಜೊತೆಗೆ ಸಿದ್ಧ ಟ್ಯೂನಿಂಗ್ ಚಿಪ್ ಒಂದನ್ನೂ ಹಾಕಿಸುವ ಯೋಚನೆಯಿದೆ. ಕ್ಯಾಮ್ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ? ಎರಡರಲ್ಲಿ ಯಾವುದನ್ನು ಮೊದಲು ಮಾಡಿಸಲಿ?

ಉತ್ತರ: ದಿನನಿತ್ಯದ ಓಡಾಟಕ್ಕೆ 264 ಡಿಗ್ರಿಯದನ್ನೇ ಆರಿಸಿಕೊಳ್ಳಿ, ಚಿಪ್ಪಿನ ಮಾತು ಅದನ್ನು ಕೂರಿಸಿದ ಮೇಲೆ.

ಕ್ಯಾಮ್‌ಶಾಫ್ಟ್ ಎಂದರೆ ತನ್ನ ಮೇಲಿನ ಉಬ್ಬುಗಳಿಂದ ವಾಲ್ವ್‌ಗಳನ್ನು ತೆರೆಯುವ ದಂಡ. ಈ ಡಿಗ್ರಿ ಎಂಬುದು ವಾಲ್ವ್ ತೆರೆದಿರುವಷ್ಟು ಹೊತ್ತಿನಲ್ಲಿ, ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಷ್ಟು ತಿರುಗುತ್ತದೆ ಎಂಬುದರ ಅಳತೆ. ಪಿಸ್ಟನ್ ಮೇಲಿನಿಂದ ಕೆಳಗಿಳಿಯಲು ಬೇಕಾದದ್ದು 180 ಡಿಗ್ರಿ ಮಾತ್ರ. ಹಾಗಾಗಿ 288 ಡಿಗ್ರಿಯ ಕ್ಯಾಮ್‌ನಲ್ಲಿ ಉಳಿದ 108 ಡಿಗ್ರಿಯಷ್ಟು ಹೊತ್ತು, ಅಂದರೆ ಪಿಸ್ಟನ್ ಮೇಲಕ್ಕೆ ಚಲಿಸುತ್ತಿರುವಾಗಲೂ, ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಈ 288 ಡಿಗ್ರಿ ಕಳೆಯಲು ಹಿಡಿಯುವುದು ಕೇವಲ 8 ಮಿಲಿಸೆಕೆಂಡು. ಆ ವೇಗದಲ್ಲಿ ನುಗ್ಗಿಬರುವ ಗಾಳಿ ಪಿಸ್ಟನ್ ಮೇಲೇರುತ್ತಿದ್ದರೂ ತನ್ನ ರಭಸದಿಂದಲೇ ಸಿಲಿಂಡರಿನೊಳಗೆ ತುಂಬಿಕೊಳ್ಳುತ್ತದೆ. 3000 ಆರ್‌ಪಿಎಂನಲ್ಲಾದರೆ ಅದೇ ವಾಲ್ವ್ 16 ಮಿಲಿಸೆಕೆಂಡು ತೆರೆದಿರುತ್ತದೆ, ಗಾಳಿಗೆ ಅಷ್ಟು ರಭಸವೂ ಇರುವುದಿಲ್ಲ. ಒಳಬಂದದ್ದರಲ್ಲಿ ಒಂದು ಪಾಲನ್ನು ಪಿಸ್ಟನ್ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಸಾಯುವುದು ಹೀಗೆ.

ದೊಡ್ಡ ಕ್ಯಾಮ್‌ಗಳ ಜಾಹೀರಾತುಗಳಲ್ಲಿ ಗರಿಷ್ಠ ಬಲ ಹೆಚ್ಚಿರುವುದೂ ಸುಳ್ಳಲ್ಲ. ಬಲವೆಂದರೆ ಟಾರ್ಕ್ (ಶಾಫ್ಟನ್ನು ತಿರುಗಿಸುವ ಸೆಳೆತ) ಮತ್ತು ತಿರುಗುವ ವೇಗದ ಗುಣಲಬ್ಧ: 120 ನ್ಯೂಟನ್ ಮೀಟರ್ ಟಾರ್ಕ್ 3000 ಆರ್‌ಪಿಎಂನಲ್ಲಿ ಸಿಕ್ಕರೆ ಸುಮಾರು 38 ಕಿಲೋವ್ಯಾಟ್, 6000ದಲ್ಲಿ ಸಿಕ್ಕರೆ ಸುಮಾರು 75. ದೊಡ್ಡ ಕ್ಯಾಮ್ ಟಾರ್ಕನ್ನು ಮೇಲಿನ ಆರ್‌ಪಿಎಂಗೆ ಸರಿಸಿ ಈ ಅಂಕಿಯನ್ನು ಹಿಗ್ಗಿಸುತ್ತದೆ. ಆದರೆ ಕೆಲಸಕ್ಕೆ ಹೋಗಿಬರುವವರ ಎಂಜಿನ್ ಹೆಚ್ಚಿನ ಹೊತ್ತು ತಿರುಗುವುದು 4000ದ ಒಳಗೇ. ಎರಡೂ ಕಡೆಯ ಲಾಭ ಒಂದೇ ಉಬ್ಬಿನಿಂದ ಸಿಗುವಂತಿದ್ದರೆ, 1989ರಲ್ಲಿ ಇಂಟೆಗ್ರಾ ಕಾರಿನ ಮೂಲಕ ಹೊರಬಂದ ಹೋಂಡಾದ ವಿಟೆಕ್ ವ್ಯವಸ್ಥೆಯಲ್ಲಿ ಒಂದೇ ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬುಗಳನ್ನು ಕೂರಿಸಿ, ವೇಗ ನೋಡಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ದೊಡ್ಡ ಕ್ಯಾಮ್‌ನ ಇನ್ನೊಂದು ತೊಂದರೆ ಐಡಲಿಂಗ್, ಅಂದರೆ ಕಾರು ನಿಂತಿದ್ದಾಗಿನ ಎಂಜಿನ್ನಿನ ಓಟ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ ಬೆಳೆದಂತೆ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ನಿರ್ವಾತ ಕಡಿಮೆಯಾಗುತ್ತದೆ. ಎಂಜಿನ್ ನಿಂತಲ್ಲೇ ಕುಣಿಯುವ ಸದ್ದನ್ನು ಇಷ್ಟಪಡುವವರಿದ್ದಾರೆ, ಅದು ಅವರವರ ಅಭಿರುಚಿ. ಆದರೆ ನಿಮ್ಮ ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದೂ ಇದೇ ನಿರ್ವಾತದಿಂದ ಎಂಬುದನ್ನು ಮರೆಯಬಾರದು.

ಕೊಳ್ಳುವಾಗ ಡಿಗ್ರಿಯನ್ನಷ್ಟೇ ಹೋಲಿಸಬೇಡಿ. ವಾಲ್ವ್ ಎಷ್ಟು ಮೇಲೆದ್ದಾಗಿನಿಂದ ಎಣಿಕೆ ಶುರು ಎಂಬುದು ಒಬ್ಬೊಬ್ಬ ತಯಾರಕರದು ಒಂದೊಂದು ರೀತಿ. 1 ಮಿಲಿಮೀಟರ್ ಎತ್ತರದಲ್ಲಿ ಅಳೆದ ಅಂಕಿಯನ್ನು ಇಬ್ಬರಿಂದಲೂ ಕೇಳಿ ಪಡೆದು ಹೋಲಿಸಿದರೆ ಮಾತ್ರ ಅರ್ಥವಿದೆ. ವಾಲ್ವ್ ಮೊದಲಿಗಿಂತ ಎತ್ತರಕ್ಕೆ ಏಳುವುದಾದರೆ ಹಳೆಯ ಸ್ಪ್ರಿಂಗ್‌ಗಳು ಸುರುಳಿಗೆ ಸುರುಳಿ ತಾಗುವಷ್ಟು ಅಮುಕಿಹೋಗಬಹುದು; ಆದ್ದರಿಂದ ಆ ಕ್ಯಾಮ್‌ಗೆಂದೇ ಸೂಚಿಸಿದ ಸ್ಪ್ರಿಂಗ್‌ಗಳನ್ನು ಜೊತೆಗೇ ಹಾಕಿಸಿ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ, ತಯಾರಕರು ಬೇರೆ ಅಳತೆ ಹೇಳದಿದ್ದರೆ, ಇನ್‌ಟೇಕ್ ಕಡೆ 2 ಮಿಲಿಮೀಟರ್, ಎಕ್ಸಾಸ್ಟ್ ಕಡೆ 2.5 ಮಿಲಿಮೀಟರ್ ಅಂತರ ಉಳಿದಿರಬೇಕು. ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಜೇಡಿಮಣ್ಣು ಅಂಟಿಸಿ, ಎಲ್ಲವನ್ನೂ ಜೋಡಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಒತ್ತಿಹೋದ ಮಣ್ಣಿನ ದಪ್ಪ ಅಳೆಯುವುದು ಹಳೆಯ ಕ್ರಮ. ಬೇಸರದ ಕೆಲಸವೆಂದು ಇದನ್ನು ಬಿಟ್ಟುಬಿಡುವ ಮೆಕ್ಯಾನಿಕ್ ಕೈಗೆ ಎಂಜಿನ್ ಕೊಡಬೇಡಿ.

ಇನ್ನು ಚಿಪ್. ಯಾವ ಆರ್‌ಪಿಎಂನಲ್ಲಿ, ಎಷ್ಟು ಹೊರೆಯಿದ್ದಾಗ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಕಿಡಿ ಯಾವಾಗ ಹಾರಬೇಕು ಎಂಬ ಕೋಷ್ಟಕವೇ ಅದರೊಳಗಿರುವುದು. ಹಳೆಯ ಕಾರುಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬಿಚ್ಚಿ ಚಿಪ್ಪನ್ನೇ ಬದಲಿಸುತ್ತಾರೆ, ಹೊಸವುಗಳಲ್ಲಿ ಅದೇ ಕೋಷ್ಟಕವನ್ನು ಡಯಾಗ್ನೊಸ್ಟಿಕ್ ಪೋರ್ಟಿನ ಮೂಲಕ ತಿದ್ದುತ್ತಾರೆ. ಸಿದ್ಧ ಚಿಪ್ಪಿನ ಕೋಷ್ಟಕ ಸಾಮಾನ್ಯವಾಗಿ ಕಂಪನಿಯ ಮೂಲ ಕ್ಯಾಮ್ ಅನ್ನು ಲೆಕ್ಕಕ್ಕಿಟ್ಟುಕೊಂಡು ಬರೆದದ್ದು; ಕ್ಯಾಮ್ ಬದಲಾದರೆ ಸಿಲಿಂಡರಿಗೆ ಹೋಗುವ ಗಾಳಿಯ ಲೆಕ್ಕವೇ ಬದಲಾಗುತ್ತದೆ. ನಿಮ್ಮ ಎಂಜಿನ್ ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುವ ಬಗೆಯದಾಗಿದ್ದರಂತೂ, ನಿರ್ವಾತ ಕಡಿಮೆಯಾದದ್ದನ್ನೇ ಹೆಚ್ಚಿನ ಹೊರೆಯೆಂದು ತಿಳಿದು ಬೇಡದಷ್ಟು ಪೆಟ್ರೋಲ್ ಸುರಿಯುತ್ತದೆ. ಆದ್ದರಿಂದ ಕ್ಯಾಮ್ ಕೂತ ಬಳಿಕ ಕಾರನ್ನು ಬಲ ಅಳೆಯುವ ಯಂತ್ರವಾದ ಡೈನೊ ಮೇಲೇರಿಸಿ, ಗಾಳಿ-ಪೆಟ್ರೋಲಿನ ಪ್ರಮಾಣ ತಿಳಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನು ಎಕ್ಸಾಸ್ಟಿನಲ್ಲಿ ಇಟ್ಟು, ನಿಮ್ಮ ಎಂಜಿನ್ನಿಗೇ ಹೊಸ ಮ್ಯಾಪ್, ಅಂದರೆ ಹೊಸ ಕೋಷ್ಟಕ, ಬರೆಸಿ. ಸಾಧಾರಣ ಓಟದಲ್ಲಿ ಗಾಳಿ-ಪೆಟ್ರೋಲಿನ ತೂಕದ ಪ್ರಮಾಣ 14.7ಕ್ಕೆ 1ರ ಆಸುಪಾಸಿನಲ್ಲೂ, ಪೂರ್ತಿ ತುಳಿದಾಗ 13ಕ್ಕೆ 1ರ ಹತ್ತಿರವೂ ಇರುವುದು ವಾಡಿಕೆ. ನೀವು ದಿನವೂ ಯಾವ ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೀರೋ ಅದನ್ನೇ ತುಂಬಿಸಿಕೊಂಡು ಹೋಗಿ. ಹೆಚ್ಚಿನ ಆಕ್ಟೇನಿನಲ್ಲಿ ಹೊಂದಿಸಿದ ಇಗ್ನಿಷನ್ ಟೈಮಿಂಗ್ ಕಡಿಮೆ ಆಕ್ಟೇನಿನಲ್ಲಿ ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಅಂಕೆತಪ್ಪಿ ಸಿಡಿಯುವುದು) ಎಬ್ಬಿಸಿ ಪಿಸ್ಟನ್ನನ್ನೇ ತೂತು ಮಾಡಬಲ್ಲದು.

ಪ್ರಶ್ನೆ: ಟರ್ಬೊ ಇರುವ ಪೆಟ್ರೋಲ್ ಕಾರಿಗೂ ಇದೇ ಕ್ರಮವೇ?

ಉತ್ತರ: ಅಲ್ಲ, ಅಲ್ಲಿ ಮ್ಯಾಪ್ ಮೊದಲು. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಯಾವ ಚಿಪ್ಪೂ ಹೆಚ್ಚಿಸಲಾರದು. ಟರ್ಬೊ ಇದ್ದರೆ ಅದು ಗಾಳಿಯನ್ನು ಒಳಗೆ ತಳ್ಳುವ ಬೂಸ್ಟ್ ಒತ್ತಡವೇ ಇಸಿಯು ಹಿಡಿತದಲ್ಲಿರುವುದರಿಂದ, ಕ್ಯಾಮ್ ಮುಟ್ಟದೆಯೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ. ಕ್ಲಚ್ ಮತ್ತು ಗೇರ್‌ಬಾಕ್ಸ್ ಆ ಟಾರ್ಕ್ ತಾಳುತ್ತವೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಸೆನ್ಸರ್ ತಂತಿಗೆ ಸಿಕ್ಕಿಸುವ ಪುಟ್ಟ, ಅಗ್ಗದ ‘ಚಿಪ್’ ಕೊಳ್ಳಬಹುದೇ?

ಉತ್ತರ: ಬೇಡ. ಅಂಥ ಹಲವು ಡಬ್ಬಿಗಳಲ್ಲಿ ಇರುವುದು ಒಂದು ರೆಸಿಸ್ಟರ್ ಮಾತ್ರ. ಒಳಬರುವ ಗಾಳಿ ಇರುವುದಕ್ಕಿಂತ ತಣ್ಣಗಿದೆಯೆಂದು ಇಸಿಯುಗೆ ಸುಳ್ಳು ಹೇಳಿ ಪೆಟ್ರೋಲ್ ಹೆಚ್ಚು ಸುರಿಸುವುದಷ್ಟೇ ಅದರ ಕೆಲಸ.