ಆಂಟಿ-ಡಿ ಟೈಟರ್‌ಗೆ ಕೆಂಪು ರಕ್ತಕಣಗಳ ಸಸ್ಪೆನ್ಷನ್ ಸಲೈನ್‌ನಲ್ಲಿ ಮಾಡಬೇಕೋ, ಲಿಸ್‌ನಲ್ಲೋ?

ಗರ್ಭಿಣಿಯ ಸೀರಮ್ಮಿನಲ್ಲಿ ಆಂಟಿ-ಡಿ (ಆರ್‌ಎಚ್ ಡಿ ಆಂಟಿಜೆನ್ ವಿರುದ್ಧದ ಆಂಟಿಬಾಡಿ) ಎಷ್ಟಿದೆ ಅಂತ, ಸೀರಮ್ಮನ್ನು ಅರ್ಧರ್ಧ ಡೈಲ್ಯೂಟ್ ಮಾಡ್ತಾ ಅಳೆಯೋದೇ ಟೈಟರ್. ಅದಕ್ಕೆ ಮಂಡ್ಯದ ಬ್ಲಡ್ ಸೆಂಟರ್‌ನಲ್ಲಿ ಲಿಸ್ (ಉಪ್ಪಿನಂಶ ಕಡಿಮೆ ಇರೋ ದ್ರಾವಣ) ಬಾಟಲಿ ಸಿಕ್ಕಿದೆ, ಸೆನ್ಸಿಟಿವಿಟಿ ಜಾಸ್ತಿಯಂತೆ, ಸೀರಮ್ ಡೈಲ್ಯೂಟ್ ಮಾಡೋದು, ಕಣಗಳ ಸಸ್ಪೆನ್ಷನ್ ಎರಡನ್ನೂ ಅದರಲ್ಲೇ ಮಾಡಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಟ್ಯೂಬ್‌ನಲ್ಲಿ ಮಾಡೋದಾದರೆ ಎರಡಕ್ಕೂ ಬಫರ್ ಸಲೈನ್. ಟೈಟರ್ ಬೆಂಚಿಗೆ ಕೂತವರಿಗೆಲ್ಲ ಬರೋ ಯೋಚನೆ ಇದು, ನನಗೂ ಬಂದದ್ದೇ. ಆದರೆ ‘ಯಾವುದು ಹೆಚ್ಚು ಸೆನ್ಸಿಟಿವ್’ ಅನ್ನೋದು ಸ್ಕ್ರೀನಿಂಗಿನ (ಆಂಟಿಬಾಡಿ ಇದೆಯಾ ಇಲ್ಲವಾ ಅಂತ ನೋಡೋದರ) ಪ್ರಶ್ನೆ, ಟೈಟರಿನದ್ದಲ್ಲ.

ಲಿಸ್‌ನಲ್ಲೇ ಸೀರಮ್ ಡೈಲ್ಯೂಟ್ ಮಾಡಿದರೆ ಏನಾಗುತ್ತೆ, ಲೆಕ್ಕ ಹಾಕಿ. ಸೀರಮ್ಮಿನ ಅಯಾನಿಕ್ ಸ್ಟ್ರೆಂತ್ (ಉಪ್ಪಿನ ಅಯಾನುಗಳ ಸಾಂದ್ರತೆ) ಸುಮಾರು 0.15 ಮೋಲಾರ್, ಲಿಸ್‌ನದ್ದು ಸುಮಾರು 0.03. ನೀಟ್ (ಡೈಲ್ಯೂಟ್ ಮಾಡದ) ಸೀರಮ್ ಇರೋ ಟ್ಯೂಬಿಗೆ ಅಷ್ಟೇ ಪ್ರಮಾಣದ ಲಿಸ್ ಕಣ ಹಾಕಿದರೆ 0.09 ಬರುತ್ತೆ. 1:2ರಲ್ಲಿ 0.06, 1:4ರಲ್ಲಿ 0.045, 1:32ರ ಹೊತ್ತಿಗೆ 0.032. ಅಂದರೆ ಒಂದೊಂದು ಟ್ಯೂಬೂ ಒಂದೊಂದು ಬೇರೆ ಟೆಸ್ಟ್. ಆಂಟಿಬಾಡಿ ಕಡಿಮೆ ಆಗ್ತಾ ಹೋದಂಗೆ ಅದು ಕಣಕ್ಕೆ ಅಂಟೋ ಅನುಕೂಲ ಹೆಚ್ಚುತ್ತಾ ಹೋಗುತ್ತೆ, ಎಂಡ್ ಪಾಯಿಂಟ್ (ರಿಯಾಕ್ಷನ್ ಕಾಣೋ ಕೊನೇ ಟ್ಯೂಬ್) ಮುಂದಕ್ಕೆ ಜಾರುತ್ತೆ. ಅದೂ ಸಾಲದು ಅಂತ, ಇಷ್ಟು ಕೆಳಗಿಳಿದಾಗ ನಾನ್-ಸ್ಪೆಸಿಫಿಕ್ ರಿಯಾಕ್ಷನ್ನೂ ಶುರುವಾಗಬಹುದು. ಸೀರಮ್ ಸಲೈನ್‌ನಲ್ಲಿ, ಕಣ ಮಾತ್ರ ಲಿಸ್‌ನಲ್ಲಿ ಅಂದರೆ ಎಲ್ಲಾ ಟ್ಯೂಬೂ 0.09ರ ಹತ್ತಿರವೇ ನಿಲ್ಲುತ್ತೆ, ಅದು ಪರವಾಗಿಲ್ಲ. ಆದರೂ ಆ ಟೈಟರನ್ನು ಸಲೈನ್ ಟೈಟರ್ ಜೊತೆ ಹೋಲಿಸೋ ಹಾಗಿಲ್ಲ.

ಹೋಲಿಕೆಯೇ ಇಲ್ಲಿ ಮುಖ್ಯ. ಆಂಟಿ-ಡಿಗೆ ಹೆಚ್ಚಿನ ಕಡೆ ಕ್ರಿಟಿಕಲ್ (ಮಗುವಿಗೆ ಅಪಾಯ ಇರಬಹುದಾದ ಮಟ್ಟ) ಅಂತ ಹಿಡಿಯೋ 16 ಅಥವಾ 32, ಸಲೈನ್ ಟ್ಯೂಬ್‌ನಲ್ಲಿ ಇನ್‌ಡೈರೆಕ್ಟ್ ಕೂಂಬ್ಸ್ (ಕಣಕ್ಕೆ ಅಂಟಿದ ಆಂಟಿಬಾಡಿಯನ್ನು ಆಂಟಿ-ಐಜಿಜಿ ಹಾಕಿ ಪತ್ತೆ ಮಾಡೋ ಟೆಸ್ಟ್) ಮಾಡಿ ಬಂದ ಸಂಖ್ಯೆ. ಗರ್ಭಿಣಿಗೆ ಹೋದ ತಿಂಗಳು ಸಲೈನ್‌ನಲ್ಲಿ 8, ಈ ತಿಂಗಳು ಲಿಸ್‌ನಲ್ಲಿ 32 ಬಂತು ಅಂದರೆ ಎರಡು ಟ್ಯೂಬ್ ಏರಿದಂಗೆ ಕಾಣುತ್ತೆ. ವೈದ್ಯರ ಕಣ್ಣಿಗೆ ಅದು ನಿಜವಾದ ಏರಿಕೆ. ಆಯಮ್ಮ ಡಾಪ್ಲರ್ ಸ್ಕ್ಯಾನ್‌ಗೆ (ಹೊಟ್ಟೆಯೊಳಗಿನ ಮಗುವಿಗೆ ರಕ್ತ ಕಮ್ಮಿಯಾಗಿದೆಯಾ ನೋಡೋಕೆ) ಅಂತ ಮೈಸೂರಿಗೆ ಬಸ್ ಹತ್ತುತ್ತಾಳೆ. ಒಂದೇ ಲೋಡು ಕಬ್ಬನ್ನು ಎರಡು ವೇಬ್ರಿಡ್ಜಲ್ಲಿ ತೂಗಿ ಇಳುವರಿ ಏರಿತು ಅಂದಂಗೆ.

ಮಾಡೋ ರೀತಿ: ಕಣಗಳನ್ನು ಮೂರು ಸಲ ಸಲೈನ್‌ನಲ್ಲಿ ತೊಳೀರಿ. ಕೊನೇ ಸಲ ಮೇಲಿನ ನೀರು ಪೂರ್ತಿ ತೆಗೆದು, 0.1 ಮಿಲಿ ಪ್ಯಾಕ್ಡ್ ಕಣಕ್ಕೆ 4.9 ಮಿಲಿ ಸಲೈನ್ ಸೇರಿಸಿದರೆ ಶೇ. 2ರ ಸಸ್ಪೆನ್ಷನ್. ಅಂದಾಜಿಗೆ ಬಣ್ಣ ನೋಡಿ ಮಾಡಬೇಡಿ. ಕಣ ದಟ್ಟವಾದರೆ ಒಂದೊಂದು ಕಣಕ್ಕೆ ಸಿಗೋ ಆಂಟಿಬಾಡಿ ಕಡಿಮೆಯಾಗಿ ಟೈಟರ್ ಇಳಿಯುತ್ತೆ. ಎರಡನೇ ಟ್ಯೂಬಿನಿಂದ ಎಲ್ಲಕ್ಕೂ 100 ಮೈಕ್ರೋಲೀಟರ್ ಸಲೈನ್, ಮೊದಲೆರಡಕ್ಕೆ 100 ಸೀರಮ್, ಎರಡನೆಯದರಿಂದ 100ರಂತೆ ಮುಂದಕ್ಕೆ. ಪ್ರತಿ ಸಲ ಟಿಪ್ ಬದಲಾಯಿಸಿ. ಟಿಪ್‌ಗೆ ಕಾಸು ಉಳಿಸೋಕೆ ಹೋದರೆ ಅಂಟಿಕೊಂಡ ಸೀರಮ್ ಕೊನೇ ಟ್ಯೂಬಿನವರೆಗೂ ಬರುತ್ತೆ. ಕಣ 100 ಸೇರಿಸಿ 37 ಡಿಗ್ರಿಯಲ್ಲಿ 60 ನಿಮಿಷ. ಆಮೇಲೆ ನಾಲ್ಕು ಸಲ ತೊಳೆದು ಆಂಟಿ-ಐಜಿಜಿ. ಓದೋದು ಹೆಚ್ಚು ಡೈಲ್ಯೂಟ್ ಆದ ಟ್ಯೂಬಿನಿಂದ ಹಿಂದಕ್ಕೆ. ನೆಗೆಟಿವ್ ಬಂದವಕ್ಕೆ ಚೆಕ್ ಸೆಲ್ (ಮೊದಲೇ ಆಂಟಿಬಾಡಿ ಅಂಟಿಸಿದ ಕಣ) ಹಾಕೋದು ಬಿಡಬೇಡಿ.

ಸಲೈನ್ ಅಂದರೆ ಡ್ರಿಪ್ ಬಾಟಲಿ ಒಡೆದು ಸುರಿಯೋದಲ್ಲ. ಅದರಲ್ಲಿ ಬಫರ್ ಇರೋದಿಲ್ಲ, ಪಿಎಚ್ 4.5ರಿಂದ 7ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹುಳಿ ಸಲೈನ್‌ನಲ್ಲಿ ತೊಳೆದರೆ ಕಣ ಹಿಡಿದ ಆಂಟಿಬಾಡಿ ಒಂದಿಷ್ಟು ಬಿಟ್ಟೇ ಹೋಗುತ್ತೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಕ್ಲೋರೈಡ್ 8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.2, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 1.44, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.24 ಗ್ರಾಂ ಹಾಕಿ, ಪಿಎಚ್ 7.2ರಿಂದ 7.4ರ ಒಳಗೆ ಇದೆಯಾ ಅಂತ ಮೀಟರ್‌ನಲ್ಲೇ ನೋಡಿ. ಅಲ್ಬುಮಿನ್ ಬೇಕಾಗಿಲ್ಲ.

ಟ್ಯೂಬಿನ ಬದಲು ಜೆಲ್ ತುಂಬಿದ ಕಾರ್ಡ್ (ಜೆಲ್ ಕಾರ್ಡ್) ಬಂದರೆ ಮಾತು ಬೇರೆ. ಅಲ್ಲಿ ಕಣ ಶೇ. 0.8, ಕಂಪನಿಯವರ ಐಡಿ-ಡೈಲ್ಯುಯೆಂಟ್ 2ರಲ್ಲೇ: 1 ಮಿಲಿಗೆ 10 ಮೈಕ್ರೋಲೀಟರ್ ಪ್ಯಾಕ್ಡ್ ಕಣ. ಅದು ಮಾರ್ಪಡಿಸಿದ ಲಿಸ್. ಪಕ್ಕದಲ್ಲೇ ಕೂತಿರೋ ಡೈಲ್ಯುಯೆಂಟ್ 1 ಬ್ರೋಮೆಲಿನ್. ಆ ಎಂಜೈಮ್ ಆರ್‌ಎಚ್ ರಿಯಾಕ್ಷನ್ನನ್ನು ಉಬ್ಬಿಸುತ್ತೆ, ಡಫಿ, ಎಂ, ಎನ್ ಆಂಟಿಜೆನ್ ಅಳಿಸುತ್ತೆ. ಪ್ಲಾಸ್ಮಾ ಡೈಲ್ಯೂಟ್ ಮಾಡೋದು ಇಲ್ಲೂ ಸಲೈನ್‌ನಲ್ಲೇ. ಜೆಲ್ ಟೈಟರ್ ಸಾಮಾನ್ಯವಾಗಿ ಒಂದೆರಡು ಟ್ಯೂಬ್ ಮೇಲೇ ಬರುತ್ತೆ, ಹಾಗಾಗಿ ಹಳೇ 16ನ್ನು ಅದಕ್ಕೆ ಹೊಂದಿಸಬೇಡಿ.

ಪ್ರತಿ ಸ್ಯಾಂಪಲಿನ ಒಂದು ಪಾಲನ್ನು ಮೈನಸ್ 20ರಲ್ಲಿ ಫ್ರೀಜ್ ಮಾಡಿ, ಮುಂದಿನ ಸಲ ಹೊಸದರ ಪಕ್ಕದಲ್ಲೇ, ಅದೇ ಕಣ, ಅದೇ ಸಲೈನ್ ಬ್ಯಾಚ್‌ನಲ್ಲಿ ಓಡಿಸಿ. ಆರ್2ಆರ್2 (ಡಿ ಆಂಟಿಜೆನ್ ಹೆಚ್ಚಿರೋ) ಕಣ ಆರಿಸಿಕೊಂಡಿದ್ದರೆ ಹೆರಿಗೆವರೆಗೂ ಅದೇ ಇರಲಿ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಬೇರೆಲ್ಲಿಗೋ ರೆಫರ್ ಆಗೋದಿದ್ದರೆ ರಿಪೋರ್ಟಿನಲ್ಲಿ ಬರೀ ‘ಟೈಟರ್ 16’ ಅಂತ ಬರೀಬೇಡಿ. ವಿಧಾನ, ಡೈಲ್ಯುಯೆಂಟ್, ಕಣದ ಫಿನೋಟೈಪ್ (ಆರ್2ಆರ್2 ಥರ, ಅದರಲ್ಲಿರೋ ಆಂಟಿಜೆನ್‌ಗಳ ಬಗೆ) ಮೂರನ್ನೂ ಸೇರಿಸಿ.