ಆ್ಯಪ್‌ನಲ್ಲಿ ಪಿನ್ ಇದ್ದ ಮಾತ್ರಕ್ಕೆ ಟೆಂಟ್ ಹಾಕಬಹುದಾ?

ಮೇ ತಿಂಗಳು ಬಂತೆಂದರೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕೊಲೊರಾಡೊ, ಯೂಟಾ, ವಯೋಮಿಂಗ್, ಮೊಂಟಾನಾ ಕಡೆಯ ಸರ್ಕಾರಿ ಕಾಡು, ಬಯಲಿನಲ್ಲಿ ದುಡ್ಡಿಲ್ಲದೆ, ಬುಕಿಂಗ್ ಇಲ್ಲದೆ ಟೆಂಟ್ ಹಾಕಿ ಉಳಿಯುವ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಬಗ್ಗೆ. ಅಮೆರಿಕದಲ್ಲಿರುವ ನಮ್ಮವರು ಇದಕ್ಕೆ ಹೋಗುವುದು ವರ್ಷ ವರ್ಷ ಜಾಸ್ತಿಯಾಗುತ್ತಿದೆ. ನನಗೆ ಅದು ಖುಷಿಯೇ. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸಲಹೆ ನೋಡಿದರೆ ಸಿಟ್ಟು ಬರುತ್ತದೆ. ಟೆಂಟ್ ಕಟ್ಟುವುದು ಹೇಗೆ, ಯಾವ ಸ್ಲೀಪಿಂಗ್ ಬ್ಯಾಗ್ ಒಳ್ಳೆಯದು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ.

ಮೇಡಂ, ನಾವು ನಾಲ್ಕು ಕುಟುಂಬ ಲಾಂಗ್ ವೀಕೆಂಡ್‌ಗೆ ಡೆನ್ವರ್‌ನಿಂದ ಹೊರಡ್ತಿದ್ದೀವಿ. ಕ್ಯಾಂಪಿಂಗ್ ಆ್ಯಪ್‌ನ ನಕ್ಷೆಯಲ್ಲಿ ಜಾಗ ಗುರುತಿಸಿದ ಒಂದು ಪಿನ್ ಇದೆ, ಫ್ರೀ ಅಂತಿದೆ, ಫೋಟೋನೂ ಚೆನ್ನಾಗಿದೆ. ಹೋದ ವರ್ಷ ಫ್ರೆಂಡ್ಸ್ ಅಲ್ಲೇ ಇದ್ದು ಬಂದ್ರು. ನಾವೂ ಅಲ್ಲಿ ಟೆಂಟ್ ಹಾಕಬಹುದಾ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹಾಗಾಗಿ ಈ ಸಲ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ.

ಆ ಪಿನ್ ಹಾಕಿದ್ದು ಯಾರೋ ನಿಮ್ಮ ಹಾಗೇ ಬಂದು ಹೋದವರು. ಅವರು ಒಂದು ರಾತ್ರಿ ಉಳಿದರು, ಯಾರೂ ಎಬ್ಬಿಸಲಿಲ್ಲ, ಫ್ರೀ ಅಂತ ಬರೆದರು, ಅಷ್ಟೇ. ಆ ಜಾಗ ಯಾರದು, ಈ ವರ್ಷ ತೆರೆದಿದೆಯೇ ಅನ್ನುವುದು ಅವರಿಗೂ ಗೊತ್ತಿಲ್ಲ, ಆ್ಯಪ್‌ಗೂ ಗೊತ್ತಿಲ್ಲ.

ಮೊದಲು ನೆಲ ಯಾರದು ಅಂತ ನೋಡಿ. ಜಮೀನಿನ ಒಡೆತನ ತೋರಿಸುವ ನಕ್ಷೆಗಳಲ್ಲಿ ಸಾಮಾನ್ಯವಾಗಿ ಹಸಿರು ಅಂದರೆ ಫೆಡರಲ್ (ಕೇಂದ್ರ) ಸರ್ಕಾರದ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್, ಹಳದಿ ಅಂದರೆ ಅದೇ ಸರ್ಕಾರದ ಇತರ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಚುಟುಕಾಗಿ ಬಿಎಲ್‌ಎಂ. ತಿಳಿನೀಲಿ ರಾಜ್ಯದ್ದು, ಬಿಳಿ ಖಾಸಗಿ. ನಿಮಗೆ ಬೇಕಾದದ್ದು ಹಸಿರು ಮತ್ತು ಹಳದಿ. ಶಾಲೆಗಳಿಗೆ ಆದಾಯ ತರಲೆಂದು ರಾಜ್ಯ ಇಟ್ಟುಕೊಂಡ ಟ್ರಸ್ಟ್ ಜಮೀನನ್ನು ಸರ್ಕಾರದ್ದೇ ಅಲ್ವಾ ಅಂತ ಸಾರ್ವಜನಿಕ ಜಾಗ ಅಂದುಕೊಳ್ಳಬೇಡಿ. ಕೊಲೊರಾಡೊದಲ್ಲಿ ಅದು ಹಾಗಲ್ಲ.

ಹಸಿರಿನ ನಡುವೆ ಅಲ್ಲಲ್ಲಿ ಸಣ್ಣ ಬಿಳಿ ತುಂಡುಗಳು ಕಾಣುತ್ತವೆ. ಅವುಗಳ ಮೇಲೆ ಕಣ್ಣಿಡಿ. 1872ರ ಗಣಿ ಕಾನೂನಿನ ಅಡಿಯಲ್ಲಿ ಚಿನ್ನ, ಬೆಳ್ಳಿ ಹುಡುಕಿದವರು ಕಾಡಿನ ನಟ್ಟನಡುವೆ ಹೀಗೆ ತುಂಡು ತುಂಡು ನೆಲವನ್ನು ಸ್ವಂತ ಮಾಡಿಕೊಂಡರು. ಗಣಿ ಮುಚ್ಚಿ ಕಾಲವಾಯಿತು, ಒಡೆತನ ಮಾತ್ರ ಉಳಿಯಿತು. ಅಲ್ಲಿ ಬೇಲಿ ಇರುವುದಿಲ್ಲ, ಬೋರ್ಡೂ ಇರಲಿಕ್ಕಿಲ್ಲ. ಕೊಲೊರಾಡೊದಲ್ಲಿ ಮಾಲೀಕರು ಬೋರ್ಡ್ ಹಾಕಲೇಬೇಕು ಅಂತೇನಿಲ್ಲ. ತಿಳಿದುಕೊಳ್ಳುವುದು ನಿಮ್ಮ ಕೆಲಸ. ಮೊಂಟಾನಾದಲ್ಲಿ ಕಂಬಕ್ಕೋ ಮರಕ್ಕೋ ಕಿತ್ತಳೆ ಬಣ್ಣ ಬಳಿದಿದ್ದರೆ ಒಳಗೆ ಬರಬೇಡಿ ಅಂತ ಅರ್ಥ.

ನೆಲ ಫಾರೆಸ್ಟ್ ಸರ್ವಿಸ್‌ನದೇ ಅಂತ ಖಾತ್ರಿಯಾದ ಮೇಲೆ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ತೆಗೆಯಿರಿ. ಎಂವಿಯುಎಂ ಅನ್ನುತ್ತಾರೆ. ಯಾವ ಕಾಡು ರಸ್ತೆಗೆ ಗಾಡಿ ಇಳಿಸಬಹುದು ಅಂತ ತೋರಿಸುವ ಫಾರೆಸ್ಟ್ ಸರ್ವಿಸ್ ನಕ್ಷೆ ಇದು. ಪುಕ್ಕಟೆ ಸಿಗುತ್ತದೆ. ಅವೆಂಜಾ ಆ್ಯಪ್‌ಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ನೀವು ಎಲ್ಲಿದ್ದೀರಿ ಅಂತ ಅದರ ಮೇಲೇ ತೋರಿಸುತ್ತದೆ. ನೋಡಲು ಚೆಂದವಿಲ್ಲ. ಕಪ್ಪು ಬಿಳುಪು, ಬೆಟ್ಟದ ಆಕಾರವಿಲ್ಲ, ರಸ್ತೆಗಳು ಮತ್ತು ನಂಬರುಗಳು ಮಾತ್ರ. ಅದಕ್ಕೇ ಜನ ಒಂದು ಸಲ ತೆರೆದು ಮುಚ್ಚಿಬಿಡುತ್ತಾರೆ. ಸ್ವಲ್ಪ ತಾಳ್ಮೆಯಿಂದ ಹಿಗ್ಗಿಸಿ ನೋಡಿ. ಕೆಲವು ರಸ್ತೆಗಳ ಪಕ್ಕದಲ್ಲಿ ಸಣ್ಣ ಚುಕ್ಕೆಗಳ ಸಾಲು ಇರುತ್ತದೆ. ಆ ರಸ್ತೆಯ ಬದಿಗೆ ಕಾರು ಇಳಿಸಿ ಟೆಂಟ್ ಹಾಕಬಹುದು ಅಂತ ಅದರ ಅರ್ಥ. ಎಷ್ಟು ದೂರದವರೆಗೆ ಅನ್ನುವುದು ಅಂಚಿನ ಪಟ್ಟಿಯಲ್ಲಿದೆ. ಎಷ್ಟೋ ಕಡೆ 300 ಅಡಿ, ಇನ್ನು ಕೆಲವು ಕಡೆ ಅದಕ್ಕಿಂತ ತೀರಾ ಕಮ್ಮಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ರಸ್ತೆ ತೆರೆದಿರುತ್ತದೆ ಅನ್ನುವುದೂ ಅಲ್ಲೇ ಇದೆ. ಆ ನಕ್ಷೆಯಲ್ಲಿ ಇಲ್ಲದ ರಸ್ತೆಗೆ, ಕಣ್ಣೆದುರು ಎಷ್ಟೇ ಸ್ಪಷ್ಟವಾಗಿ ಕಂಡರೂ, ಕಾರು ಇಳಿಸುವಂತಿಲ್ಲ. ಇಳಿಸಿದರೆ ಅದು ಫೆಡರಲ್ ಕೇಸು. ವೀಸಾ ಮೇಲಿರುವವರಿಗೆ ಆ ತಲೆನೋವು ಬೇಕಾ?

ಇನ್ನು ಹೋದ ವರ್ಷ ಫ್ರೆಂಡ್ಸ್ ಇದ್ದು ಬಂದರು ಅನ್ನುವ ಮಾತು. ಇದಕ್ಕೆ ಕಾಸಿನ ಬೆಲೆ ಇಲ್ಲ. ಜನ ಜಾಸ್ತಿಯಾಗಿ, ಗಲೀಜು ಜಾಸ್ತಿಯಾಗಿ ಒಂದೊಂದೇ ಜಾಗಕ್ಕೆ ನಿಯಮ ಬಿಗಿಯಾಗುತ್ತಿದೆ. ಕೊಲೊರಾಡೊದ ಕ್ರೆಸ್ಟೆಡ್ ಬ್ಯೂಟ್ ಊರಿನ ಸುತ್ತಲಿನ ಕಣಿವೆಗಳಲ್ಲಿ ಮೊದಲು ಬೇಕಾದಲ್ಲಿ ಉಳಿಯುತ್ತಿದ್ದರು. 2021ರಿಂದ ಅಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ. ಯೂಟಾದ ಮೋಆಬ್ ಸುತ್ತಮುತ್ತ ಬಿಎಲ್‌ಎಂ ನೆಲದಲ್ಲೂ ಎಷ್ಟೋ ರಸ್ತೆಗಳ ಪಕ್ಕ ಅದೇ ನಿಯಮ. ಜೊತೆಗೆ ನಿಮ್ಮದೇ ಪೋರ್ಟಬಲ್ ಟಾಯ್ಲೆಟ್ ಇರಬೇಕು. ಬಹಳ ಕಡೆ ಒಂದು ಜಾಗದಲ್ಲಿ 14 ದಿನ ಇರಬಹುದು ಅನ್ನುವುದು ನಿಜ. ಆದರೆ ಅದನ್ನೇ ಎಲ್ಲ ಕಡೆಗೂ ಅನ್ವಯಿಸಬೇಡಿ. ಜನ ಮುಗಿಬೀಳುವ ಜಾಗಗಳಲ್ಲಿ ಇದು ಕಮ್ಮಿ ಇರುತ್ತದೆ.

ಹಾಗಾದರೆ ಈ ವರ್ಷದ್ದು ಗೊತ್ತಾಗುವುದು ಹೇಗೆ? ಫೋನ್ ಮಾಡಿ. ಪ್ರತಿ ನ್ಯಾಷನಲ್ ಫಾರೆಸ್ಟ್‌ಗೂ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗಳಿವೆ. ಹೊರಡುವ ವಾರದಲ್ಲಿ, ಕೆಲಸದ ದಿನ, ಕಚೇರಿ ವೇಳೆಯಲ್ಲಿ ಮಾಡಿ. ರಸ್ತೆ ನಂಬರ್ ಹೇಳಿ ಮೂರು ವಿಷಯ ಕೇಳಿ: ಈ ರಸ್ತೆ ಈಗ ತೆರೆದಿದೆಯಾ, ಅಲ್ಲಿ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಇದೆಯಾ, ಬೆಂಕಿಗೆ ನಿರ್ಬಂಧ ಇದೆಯಾ. ನಮ್ಮವರಿಗೆ ಸರ್ಕಾರಿ ಕಚೇರಿಗೆ ಫೋನ್ ಮಾಡಲು ಅದೇನು ಸಂಕೋಚವೋ! ಐದು ನಿಮಿಷದ ಕೆಲಸ, ಸುಮ್ನೆ ಮಾಡಿ.

ರಸ್ತೆ ಶುರುವಾಗುವಲ್ಲಿ ನಂಬರ್ ಇರುವ ಫಲಕ ನೋಡಿ. ನಂಬರ್ ಅಡ್ಡಡ್ಡ ಬರೆದಿದ್ದರೆ ಸಾಮಾನ್ಯ ಕಾರು ಹೋಗುವ ರಸ್ತೆ. ಸಣ್ಣ ಕಂದು ಕಂಬದ ಮೇಲೆ ಅಂಕಿಗಳು ಮೇಲಿಂದ ಕೆಳಗೆ ಒಂದರ ಕೆಳಗೊಂದು ಇದ್ದರೆ ಎತ್ತರದ ಗಾಡಿ ಬೇಕಾಗುವ ರಸ್ತೆ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ, ಡಿಕ್ಕಿ ತುಂಬ ಸಾಮಾನು ತುಂಬಿದ ಸೆಡಾನನ್ನು ಅಂಥ ರಸ್ತೆಗೆ ನುಗ್ಗಿಸಬೇಡಿ. ಟೋ ಮಾಡಿಸಲು ಫೋನ್ ಮಾಡೋಣ ಅಂದರೆ ಸಿಗ್ನಲ್ ಇರುವುದಿಲ್ಲ.

ಜಾಗ ಸಿಕ್ಕಿತು. ಈಗಾಗಲೇ ಜನ ಉಳಿದು ಹುಲ್ಲು ಸವೆದು ಗಟ್ಟಿಯಾದ ನೆಲವನ್ನೇ ಆರಿಸಿ. ಹೂವು ಅರಳಿದ ಹುಲ್ಲುಗಾವಲು ಫೋಟೋಗೆ ಚೆಂದ, ಟೆಂಟ್‌ಗಲ್ಲ. ಆ ಎತ್ತರದಲ್ಲಿ ತುಳಿದ ಗಿಡ ಮತ್ತೆ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ಹೊಳೆ, ಕೆರೆಯಿಂದ 200 ಅಡಿ ದೂರ ಇರಿ. ಮರಳು ತುಂಬಿದ ಒಣ ಹಳ್ಳದಲ್ಲಿ ಖಂಡಿತ ಬೇಡ. ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಎಲ್ಲೋ ಮೇಲೆ ಸುರಿದ ಮಳೆ ಅಲ್ಲಿಗೇ ಇಳಿಯುತ್ತದೆ.

ಆಮೇಲೆ ತಲೆ ಎತ್ತಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ರಾಕಿ ಬೆಟ್ಟಗಳಲ್ಲಿ ಪೈನ್ ಜೀರುಂಡೆ ತಿಂದು ಸತ್ತ ಮರಗಳು ಎಕರೆಗಟ್ಟಲೆ ನಿಂತಿವೆ. ತೊಗಟೆ ಕಳಚಿ ಬೂದು ಬಣ್ಣಕ್ಕೆ ತಿರುಗಿರುತ್ತವೆ, ಒಂದು ಹಸಿರು ಎಲೆ ಇರುವುದಿಲ್ಲ. ಬೇರು ಕೊಳೆತಿರುತ್ತದೆ. ಗಾಳಿ ಜೋರಾಗಿ ಬೀಸಬೇಕೆಂದೂ ಇಲ್ಲ, ಸುಮ್ಮನೆ ಉರುಳುತ್ತವೆ. ಅಂಥ ಮರ ಬಿದ್ದರೆ ಎಟುಕುವಷ್ಟು ಹತ್ತಿರದಲ್ಲಿ ಮಕ್ಕಳನ್ನು ಮಲಗಿಸಬೇಡಿ. ಎಷ್ಟೇ ಒಳ್ಳೆ ಜಾಗವಾಗಿದ್ದರೂ ಬಿಟ್ಟು ಮುಂದೆ ಹೋಗಿ.

ಇದೆಲ್ಲ ಬೆಳಕಿದ್ದಾಗ ಮಾತ್ರ ಆಗುವ ಕೆಲಸ. ಶುಕ್ರವಾರ ಆಫೀಸ್ ಮುಗಿಸಿ ಹೊರಟು, ರಾತ್ರಿ 11ಕ್ಕೆ ಕಾಡು ರಸ್ತೆಯಲ್ಲಿ ಜಾಗ ಹುಡುಕುವುದಕ್ಕೆ ನಾನು ಒಪ್ಪುವುದಿಲ್ಲ. ನಾಲ್ಕು ಕಾರು ಸಾಲಾಗಿ ಹೋದರಂತೂ ತಿರುಗಿಸಲೂ ಜಾಗ ಇರುವುದಿಲ್ಲ. ಆ ಒಂದು ರಾತ್ರಿ ದುಡ್ಡು ಕೊಟ್ಟು ಕ್ಯಾಂಪ್‌ಗ್ರೌಂಡಿನಲ್ಲೋ ಮೋಟೆಲ್‌ನಲ್ಲೋ ಇರಿ. ಬೆಳಗ್ಗೆ ಎದ್ದು ಹೋಗಿ.

ಬೆಂಕಿ ಮೇಲೆ ಮಣ್ಣು ಹಾಕಿ ಮುಚ್ಚಿದರೆ ಸಾಕಲ್ವಾ?

ಸಾಲದು. ಇದನ್ನು ಹೇಳಿಕೊಡುವವರ ಮಾತು ದಯವಿಟ್ಟು ಕೇಳಬೇಡಿ. ಈ ಕಾಡಿನ ನೆಲದ ಮೇಲಿರುವುದು ಬರೀ ಮಣ್ಣಲ್ಲ. ವರ್ಷಗಟ್ಟಲೆ ಉದುರಿದ ಪೈನ್ ಎಲೆ, ಬೇರು, ತೊಗಟೆಯ ಒಣ ಪದರ. ಮಣ್ಣು ಮುಚ್ಚಿದ ಕೆಂಡ ಅದರೊಳಗೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತಲೇ ಇರುತ್ತದೆ. ನೀವು ಮನೆ ಸೇರಿದ ಮೇಲೆ ಗಾಳಿ ಬಂದಾಗ ಏಳುತ್ತದೆ. 2016ರ ಜುಲೈನಲ್ಲಿ ಕೊಲೊರಾಡೊದ ನೆಡರ್‌ಲ್ಯಾಂಡ್ ಹತ್ತಿರ ಕ್ಯಾಂಪಿಗೆ ಬಂದವರು ಸರಿಯಾಗಿ ಆರಿಸದೆ ಬಿಟ್ಟ ಬೆಂಕಿ ಎಂಟು ಮನೆಗಳನ್ನು ಸುಟ್ಟಿತು.

ನೀರು ಸುರಿಯಿರಿ, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ತನ್ನಿ. ಶಾಖ ತಗುಲಿದರೆ ಆರಿಲ್ಲ, ಇನ್ನೊಂದು ಸಲ ಸುರಿಯಿರಿ. ಕುಡಿಯಲಿಕ್ಕೆ ತಂದ ನೀರು ಬೇರೆ, ಬೆಂಕಿಗೆ ತಂದ ನೀರು ಬೇರೆ ಇರಬೇಕು.

ಸ್ಟೇಜ್ 1, ಅಂದರೆ ಬೆಂಕಿ ನಿರ್ಬಂಧದ ಮೊದಲ ಹಂತ, ಜಾರಿಯಲ್ಲಿದ್ದರೆ ಡಿಸ್ಪರ್ಸ್ಡ್ ಜಾಗದಲ್ಲಿ ಕಟ್ಟಿಗೆ ಬೆಂಕಿ ಹಾಕುವಂತಿಲ್ಲ. ಇದ್ದಿಲಿನ ಗ್ರಿಲ್ಲೂ ಇಲ್ಲ. ಹಿಂದೆ ಬಂದವರು ಜೋಡಿಸಿಟ್ಟ ಕಲ್ಲಿನ ಒಲೆ ಅಲ್ಲೇ ಇದ್ದರೂ ಇಲ್ಲ. ತಿರುಗಿಸಿ ಆರಿಸಬಹುದಾದ ಗ್ಯಾಸ್ ಸ್ಟವ್ ಸಾಮಾನ್ಯವಾಗಿ ನಡೆಯುತ್ತದೆ. ನನ್ನನ್ನು ಕೇಳಿದರೆ, ನಿರ್ಬಂಧ ಇಲ್ಲದಿದ್ದರೂ ಒಣ ಬೇಸಿಗೆಯಲ್ಲಿ ಬೆಂಕಿಯೇ ಬೇಡ. ಜಾಕೆಟ್ ಹಾಕಿಕೊಂಡು ನಕ್ಷತ್ರ ನೋಡಿ.

ನಾವು ಶುದ್ಧ ಸಸ್ಯಾಹಾರಿಗಳು. ನಮ್ಮ ಅಡುಗೆ ವಾಸನೆಗೆ ಕರಡಿ ಬರಲ್ಲ ಅಂತಾರೆ, ನಿಜಾನಾ?

ಯಾರು ಹೇಳಿದರು? ಕಪ್ಪು ಕರಡಿ ತಿನ್ನುವುದರಲ್ಲಿ ಬಹುಪಾಲು ಹಣ್ಣು, ಕಾಯಿ, ಹುಲ್ಲು, ಬೀಜಗಳೇ. ಕಡಲೆಬೀಜ ಹಾಕಿದ ಚಿತ್ರಾನ್ನ, ತುಪ್ಪ, ಬೆಲ್ಲ, ಬಾಳೆಹಣ್ಣು ಎಲ್ಲ ಅದಕ್ಕೂ ಇಷ್ಟವೇ. ಒಗ್ಗರಣೆ ವಾಸನೆ ಎಷ್ಟು ದೂರ ಹೋಗುತ್ತದೆ ಅಂತ ನಿಮಗೇ ಗೊತ್ತು.

ಅಡುಗೆ, ಊಟ ಟೆಂಟ್‌ನಿಂದ ದೂರ, ಸುಮಾರು 100 ಗಜ ಆಚೆ ಮಾಡಿ. ಟೆಂಟ್ ಒಳಗೆ ತಿನ್ನುವ ವಸ್ತು ಒಂದೂ ಬೇಡ. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಮಕ್ಕಳ ಚಾಕೊಲೇಟ್ ಕೂಡ ಬೇಡ. ಎಲ್ಲವನ್ನೂ ಕರಡಿಗೆ ತೆರೆಯಲಾಗದ ಡಬ್ಬದಲ್ಲಿ ಅಥವಾ ಲಾಕ್ ಮಾಡಿದ ಕಾರಿನಲ್ಲಿ ಇಡಿ. ಲಾಕ್ ಮಾಡದ ಕಾರಿನ ಬಾಗಿಲು ತೆರೆಯುವುದನ್ನು ಕೊಲೊರಾಡೊದ ಕರಡಿಗಳು ಕಲಿತಿವೆ. ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕ್ ಸುತ್ತಲಿನ ಕಾಡುಗಳಲ್ಲಿ ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿ ಇದೆ. ಅಲ್ಲಿ ಆಹಾರ ಹೀಗೇ ಇಡಬೇಕು ಅಂತ ಆದೇಶವೇ ಇದೆ. ಮರಕ್ಕೆ ನೇತುಹಾಕುವುದಾದರೆ ನೆಲದಿಂದ 10 ಅಡಿ ಮೇಲೆ, ಕಾಂಡದಿಂದ 4 ಅಡಿ ಆಚೆ.

ಬೇರ್ ಸ್ಪ್ರೇಯನ್ನು ಟೆಂಟ್ ಸುತ್ತ ಸಿಂಪಡಿಸಬೇಕು ಅಂತ ಒಂದು ವಿಡಿಯೊ ಓಡಾಡುತ್ತಿದೆ. ತಪ್ಪು, ತಪ್ಪು, ತಪ್ಪು. ಅದು ಮೈಮೇಲೆ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರ. ನೆಲಕ್ಕೆ ಸಿಂಪಡಿಸಿ ಉಳಿದ ವಾಸನೆ ಕರಡಿಯನ್ನು ಕರೆಯುವುದೂ ಉಂಟು. ನಾಫ್ತಲಿನ್ ಗುಳಿಗೆ, ಕರ್ಪೂರ, ಉಪ್ಪಿನ ಗೆರೆ ಯಾವುದೂ ಕರಡಿಯನ್ನಾಗಲಿ ಹಾವನ್ನಾಗಲಿ ತಡೆಯುವುದಿಲ್ಲ.

10,000 ಅಡಿ ಎತ್ತರದಲ್ಲಿ ಉಸಿರಾಟಕ್ಕೆ ಕರ್ಪೂರ ಮೂಸಿದರೆ ಒಳ್ಳೆಯದಂತೆ?

ಕರ್ಪೂರದಿಂದ ಆಮ್ಲಜನಕ ಬರುವುದಿಲ್ಲ. ಬೆಂಗಳೂರಿನಿಂದ ಬಂದ ಅಪ್ಪ ಅಮ್ಮನನ್ನು ವಿಮಾನ ಇಳಿದ ಎರಡನೇ ದಿನವೇ ಅಷ್ಟು ಎತ್ತರದಲ್ಲಿ ಮಲಗಿಸಬೇಡಿ. ಡೆನ್ವರ್‌ನಲ್ಲಿ ಕೆಲವು ದಿನ ಇದ್ದು, ಎತ್ತರವನ್ನು ಮೆಲ್ಲಗೆ ಏರಿಸಿ. ಎದೆ, ಉಸಿರಾಟದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಲಿ. ಜೋರು ತಲೆನೋವಿನ ಜೊತೆ ವಾಂತಿ, ಮಂಕು, ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಶೌಚಕ್ಕೆ ಏನು ಮಾಡೋದು? ಊರಲ್ಲಿ ಹೊಳೆ ಹತ್ತಿರ ಹೋದ ಹಾಗೆ ಹೋಗಬಹುದಾ?

ಬೇಡವೇ ಬೇಡ. ಆ ನೀರನ್ನು ಕೆಳಗಿನವರು ಕುಡಿಯುತ್ತಾರೆ. ನೀರಿನಿಂದಲೂ ಟೆಂಟ್‌ನಿಂದಲೂ ದಾರಿಯಿಂದಲೂ 200 ಅಡಿ, ಅಂದರೆ ದೊಡ್ಡವರ 70 ಹೆಜ್ಜೆ ದೂರ ಹೋಗಿ. ಸಣ್ಣ ಸಲಿಕೆಯಿಂದ 6ರಿಂದ 8 ಇಂಚು ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಚೊಂಬಿನ ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದೇ, ಕಾಗದ ಉಳಿಯುವುದಿಲ್ಲ. ತೊಳೆಯುವುದೂ ಆ ಗುಂಡಿಯ ಹತ್ತಿರವೇ ಆಗಲಿ. ವೆಟ್ ವೈಪ್ಸ್ ಮಣ್ಣಲ್ಲಿ ಕರಗುವುದಿಲ್ಲ, ಚೀಲದಲ್ಲಿ ಹಾಕಿ ವಾಪಸ್ ತನ್ನಿ. ನಾಲ್ಕು ಕುಟುಂಬ ಅಂದರೆ ಪೋರ್ಟಬಲ್ ಟಾಯ್ಲೆಟ್ ತೆಗೆದುಕೊಂಡೇ ಹೋಗಿ.

ಯೆಲ್ಲೊಸ್ಟೋನ್ ಪಾರ್ಕ್ ಒಳಗೆ ಹೀಗೆ ಫ್ರೀ ಆಗಿ ಟೆಂಟ್ ಹಾಕಬಹುದಾ?

ಇಲ್ಲ.

ನಮ್ಮ ಕನ್ನಡ ಕೂಟದಿಂದ 80 ಜನ ಹೋಗ್ತಿದ್ದೀವಿ.

ನ್ಯಾಷನಲ್ ಫಾರೆಸ್ಟ್‌ನಲ್ಲಿ 75 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದರೆ ಪರ್ಮಿಟ್ ಬೇಕು. ಅಷ್ಟು ಜನರಿಗೆ ಗ್ರೂಪ್ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿ, ಕಾಡನ್ನು ಬಿಟ್ಟುಬಿಡಿ.

ಬಂದೂಕಿನ ಸದ್ದು ಕೇಳಿಸಿತು, ಹೆದರಬೇಕಾ?

ಗುರಿ ಅಭ್ಯಾಸ ಮಾಡುವವರಿರುತ್ತಾರೆ, ಅವರ ಹತ್ತಿರ ಟೆಂಟ್ ಹಾಕಬೇಡಿ. ಸೆಪ್ಟೆಂಬರ್ ಹೊತ್ತಿಗೆ ಬೇಟೆಯ ಕಾಲ ಶುರುವಾಗಿರುತ್ತದೆ, ಮಕ್ಕಳಿಗೂ ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿ.

ಕಸದ ಡಬ್ಬ ಎಲ್ಲಿರುತ್ತೆ?

ಎಲ್ಲೂ ಇರುವುದಿಲ್ಲ. ಎರಡು ದಪ್ಪ ಚೀಲ ಒಯ್ಯಿರಿ, ತಂದದ್ದೆಲ್ಲ ಮನೆಗೆ ವಾಪಸ್. ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಯೂ ಸೇರಿ. ಅಷ್ಟು ಒಣ, ತಣ್ಣನೆ ಜಾಗದಲ್ಲಿ ಅವು ಬೇಗ ಕೊಳೆಯುವುದಿಲ್ಲ. ರಾತ್ರಿ ಆ ಚೀಲವನ್ನೂ ಹೊರಗೆ ಬಿಡಬೇಡಿ, ಊಟದ ಡಬ್ಬಗಳ ಜೊತೆ ಕಾರಿನಲ್ಲೇ ಇಟ್ಟು ಲಾಕ್ ಮಾಡಿ.