ಬ್ಯಾಕ್ಟೀರಿಯಾ ಹಿಡಿಯಲೋ, ವೈರಸ್ ಹಿಡಿಯಲೋ?

ನೀವು ಕೇಳಿರುವುದು ಇಷ್ಟು: ಎಂಎಸ್ಸಿ ಮುಗಿದಿದೆ, ಸಾಂಕ್ರಾಮಿಕ ರೋಗಗಳ ಸಂಶೋಧನೆಗೆ ಇಳಿಯಬೇಕು, ಬ್ಯಾಕ್ಟೀರಿಯಾ ಮತ್ತು ವೈರಸ್ ಎರಡನ್ನೂ ಒಬ್ಬರೇ ಮಾಡಲಾಗುತ್ತದೆಯೇ?

ಆಗುತ್ತದೆ. ಆದರೆ ಮೊದಲು ಬ್ಯಾಕ್ಟೀರಿಯಾದಲ್ಲಿ ಕೈ ಪಳಗಲಿ, ಅಲ್ಲಿ ತಪ್ಪು ಬೇಗ ಗೊತ್ತಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಒಳ್ಳೆಯ ಮೀಡಿಯಂನಲ್ಲಿ (ಬೆಳೆಸುವ ಪೋಷಕ ದ್ರವದಲ್ಲಿ) 37 ಡಿಗ್ರಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಂಜೆ ಪ್ಲೇಟ್ ಮಾಡಿದರೆ, ಅಂದರೆ ತಟ್ಟೆಯಲ್ಲಿ ಹರಡಿದರೆ, ಬೆಳಿಗ್ಗೆ ಕಾಲನಿ, ಅಂದರೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ. ಕ್ಷಯದ ಬ್ಯಾಕ್ಟೀರಿಯಾ ಇಮ್ಮಡಿಯಾಗಲು 18ರಿಂದ 24 ಗಂಟೆ ಬೇಕು, ಕಾಲನಿ ಕಣ್ಣಿಗೆ ಬೀಳಲು ಸುಮಾರು ಮೂರು ವಾರ. ಇಂದು ಪೈಪೆಟ್ ಹಿಡಿದ ಕೈ ತಪ್ಪಿದ್ದು ಮುಂದಿನ ತಿಂಗಳು ತಿಳಿದರೆ ಕಲಿಯುವುದು ಯಾವಾಗ? ಅದಕ್ಕೆ ಬಿಎಸ್ಎಲ್-3 ಲ್ಯಾಬ್, ಅಂದರೆ ಹೆಚ್ಚಿನ ಜೈವಿಕ ಸುರಕ್ಷತೆಯ ಲ್ಯಾಬ್ ಬೇರೆ ಬೇಕು.

ಈ ಕೆಲಸದಲ್ಲಿ ಅರ್ಧ ಪಾಲು ಎಣಿಕೆಯೇ. 900 ಮೈಕ್ರೋಲೀಟರ್ ಬಫರ್‌ಗೆ 100 ಮೈಕ್ರೋಲೀಟರ್ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆದ ದ್ರವ), ಚೆನ್ನಾಗಿ ಬೆರೆಸಿ, ಅದರಿಂದ 100 ಮುಂದಿನ ಟ್ಯೂಬ್‌ಗೆ. ಹೀಗೆ ಐದು ಟ್ಯೂಬ್ ದಾಟಿದರೆ ಒಂದು ಲಕ್ಷ ಪಟ್ಟು ತೆಳು. ಕೊನೆಯದರಿಂದ 100 ಮೈಕ್ರೋಲೀಟರ್ ಹರಡಿ 84 ಕಾಲನಿ ಬಂದರೆ ಮೂಲ ಕಲ್ಚರ್‌ನಲ್ಲಿ ಮಿಲಿಲೀಟರ್‌ಗೆ 8.4 ಕೋಟಿ. 30ರಿಂದ 300 ಕಾಲನಿ ಇರುವ ಪ್ಲೇಟನ್ನು ಮಾತ್ರ ನಂಬಿ. ಪ್ರತಿ ಟ್ಯೂಬ್‌ಗೂ ಪೈಪೆಟ್ ತುದಿಯ ಟಿಪ್ ಬದಲಿಸಲೇಬೇಕು. ಗಟ್ಟಿ ಕಲ್ಚರ್‌ನಿಂದ ಟಿಪ್‌ಗೆ ಅಂಟಿಬಂದ ಹನಿ ಕೊನೆಯ ಟ್ಯೂಬ್‌ನ ಲೆಕ್ಕವನ್ನು ಎಷ್ಟೋ ಪಟ್ಟು ಏರಿಸಿಬಿಡುತ್ತದೆ.

ವೈರಸ್‌ನಲ್ಲೂ ಇದೇ ಲೆಕ್ಕ, ಕಾಲನಿಯ ಬದಲು ಪ್ಲೇಕ್, ಅಂದರೆ ಕೋಶಗಳು ಸತ್ತು ಬಿದ್ದ ತೂತು. ಆರು ವೆಲ್‌ನ (ಗುಳಿಯ) ಪ್ಲೇಟ್‌ನಲ್ಲಿ ಕೋಶಗಳು ತುಂಬಿಕೊಂಡ ಮೇಲೆ ವೆಲ್‌ಗೆ ಸುಮಾರು 200 ಮೈಕ್ರೋಲೀಟರ್ ವೈರಸ್, ಒಂದು ಗಂಟೆ. 15 ನಿಮಿಷಕ್ಕೊಮ್ಮೆ ಅಲುಗಿಸದಿದ್ದರೆ ನಡುವಿನ ಕೋಶಗಳು ಒಣಗಿ ಸಾಯುತ್ತವೆ. ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದಾಗ ಅಲ್ಲಿ ದೊಡ್ಡ ಬಿಳಿ ಮಚ್ಚೆ ಕಾಣುತ್ತದೆ, ಹೊಸಬರು ಅದನ್ನೇ ಪ್ಲೇಕ್ ಎಂದು ಬರೆದುಕೊಳ್ಳುತ್ತಾರೆ. ಮೇಲೆ ಸುರಿಯುವ ಅಗರೋಸ್ (ತಣಿದಾಗ ಗಟ್ಟಿಯಾಗುವ ಜೆಲ್) 42 ಡಿಗ್ರಿಯ ಸುಮಾರಿಗೆ ತಣಿದಿರಲಿ, ಬಿಸಿ ಹೆಚ್ಚಿದ್ದರೆ ಇಡೀ ಪದರವೇ ಹೋಗುತ್ತದೆ. ಆನುವಂಶಿಕ ವಸ್ತುವನ್ನು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಇದಕ್ಕೆ ಬದಲಿಯಲ್ಲ. ಅದು ಒಡೆದುಹೋದ ವೈರಸ್‌ನ ಆರ್‌ಎನ್‌ಎಯನ್ನೂ ಎಣಿಸುತ್ತದೆ.

ಎರಡನ್ನೂ ಬಲ್ಲವರಿಗೆ ನಿಜವಾಗಿ ಕೆಲಸವಿರುವುದು ಜೋಡಿ ಸೋಂಕಿನಲ್ಲಿ. 1918ರ ಫ್ಲೂನಲ್ಲಿ ಹೆಚ್ಚಿನವರ ಜೀವ ತೆಗೆದದ್ದು ವೈರಸ್‌ನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಇದನ್ನು ಲ್ಯಾಬ್‌ನಲ್ಲಿ ಮಾಡಹೊರಟವರು ಎಡವುವ ಜಾಗ ಒಂದಿದೆ. ಕೋಶ ಬೆಳೆಸುವ ಮೀಡಿಯಂಗೆ ಪೆನಿಸಿಲಿನ್-ಸ್ಟ್ರೆಪ್ಟೋಮೈಸಿನ್ ಹಾಕುವುದು ವೈರಸ್ ಲ್ಯಾಬ್‌ನವರಿಗೆ ಅಭ್ಯಾಸಬಲ. ಅದೇ ಮೀಡಿಯಂನಲ್ಲಿ ಕೋಶಗಳಿಗೆ ಫ್ಲೂ ತಗುಲಿಸಿ, ಮೇಲೆ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ನ್ಯುಮೋಕಾಕಸ್ ಹಾಕಿದರೆ ಅದು ಸಾಯುತ್ತದೆ. ‘ವೈರಸ್ ತಗುಲಿದ ಕೋಶಗಳು ಬ್ಯಾಕ್ಟೀರಿಯಾವನ್ನು ತಡೆಯುತ್ತವೆ’ ಎಂದು ಗ್ರಾಫ್ ಸಿದ್ಧ! ಹಿಂದಿನ ದಿನದಿಂದಲೇ ಆಂಟಿಬಯೋಟಿಕ್ ಇಲ್ಲದ ಮೀಡಿಯಂಗೆ ಬದಲಾಯಿಸಿ, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಮೂರು ಬಾರಿ ತೊಳೆಯಿರಿ. ಕೋಶಗಳ ಮೇಲಿದ್ದ ಮೀಡಿಯಂ ಮಾತ್ರ ತೆಗೆದು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದೂ ನೋಡಿ.

ಕೋಶದೊಳಗೆ ಹೊಕ್ಕ ಬ್ಯಾಕ್ಟೀರಿಯಾ ಎಣಿಸುವಾಗ ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್‌ನದೂ ಇದೇ ಕಥೆ. ಅದು ಕೋಶದೊಳಗೆ ಸುಲಭವಾಗಿ ಹೋಗದು, ಹೊರಗಿನವನ್ನು ಮಾತ್ರ ಕೊಲ್ಲಲಿ ಎಂದೇ ಹಾಕುವುದು. ತೊಳೆಯದೆ ಕೋಶ ಒಡೆದರೆ ಒಳಗಿದ್ದವೂ ಸತ್ತು ಲೆಕ್ಕ ಸೊನ್ನೆಗಿಳಿಯುತ್ತದೆ.

ಆಂಟಿಬಯೋಟಿಕ್ ಇದೆ ಎಂದು ನೆಮ್ಮದಿಯಾಗಿರುವ ಹಾಗೂ ಇಲ್ಲ. ಕೋಶ ಬೆಳೆಸುವಾಗ ನುಸುಳುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಭಿತ್ತಿಯನ್ನೇ ಹೊಡೆಯುವ ಪೆನಿಸಿಲಿನ್ ನಾಟದು, ಮೀಡಿಯಂ ಕದಡುವುದೂ ಇಲ್ಲ. ಕೋಶಗಳ ವರ್ತನೆ ಮಾತ್ರ ಸದ್ದಿಲ್ಲದೆ ಬದಲಾಗಿರುತ್ತದೆ. ಪಿಎಚ್‌ಡಿಗೆ ಲ್ಯಾಬ್ ನೋಡಲು ಹೋದಾಗ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ, ಮೈಕೋಪ್ಲಾಸ್ಮಾ ಪಿಸಿಆರ್ ಕೊನೆಯ ಸಲ ಮಾಡಿದ್ದು ಯಾವಾಗ ಎಂದು. ಯಾರಿಗೂ ನೆನಪಿಲ್ಲದಿದ್ದರೆ ಬೇರೆ ಲ್ಯಾಬ್ ಹುಡುಕಿ.